ಹಳದಿ ಇರಬೇಕಾದ ಜಾಗ

ಬುಗುರಿ ಅವನನ್ನು ಮೊಟ್ಟಮೊದಲು ಕಂಡಾಗ, ಅವನು ಮಕ್ಕಳ ವಾರ್ಡಿನ ಹೊರಗಿನ ಕಿಟಕಿಯ ಬಳಿ ನಿಂತು ಒಂದು ಕೊಳೆ ಡೈಪರನ್ನು ಬೆಳಕಿಗೆ ಹಿಡಿದಿದ್ದ. ಸುಮ್ಮನೆ ಹಿಡಿದಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ರೇಷ್ಮೆಯ ಬಣ್ಣ ನೋಡಲು ಬಾಗಿಲಿಗೆ ಬಂದವರ ಹಾಗೆ ಕತ್ತು ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸುತ್ತಿದ್ದ.

ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವಳು ಅವಳು. ಹೆಗಲಿಗೊಂದು ಚೀಲ, ಕೈಗೊಂದು ಚೀಲ, ಕಿವಿಯಲ್ಲಿನ್ನೂ ಫೋನಿನಲ್ಲಿ ಅತ್ತ ಅಕ್ಕನ ದನಿ. ಬೆಳ್ಳಂಬೆಳಿಗ್ಗೆ ಎದುರಿಗೆ ಈ ದರ್ಶನ.

"ರೀ ಸ್ವಾಮಿ, ಏನ್ರೀ ಅದು? ಮಕ್ಕಳು ಮಲಗೋ ಜಾಗ ಇದು. ಬಿಸಾಕ್ರೀ ಆಚೆಗೆ!"

"ಒಂದ್ನಿಮಿಷ ಇರಿ. ಬಣ್ಣ ನೋಡ್ಬೇಕು."

"ಬಣ್ಣಾನಾ? ಯಾಕೆ, ಶರ್ಟು ಹೊಲಿಸ್ಕೋತೀರಾ?"

ಅವನಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನ ಸಂದಿನಲ್ಲೇ ಅವಳು ಎರಡು ಬೆರಳಲ್ಲಿ ಡೈಪರ್ ಕಿತ್ತುಕೊಂಡು ಕಸದ ಡಬ್ಬಿಗೆ ಹಾಕಿ, ಮುಚ್ಚಳವನ್ನು ಧಡ್ ಎನಿಸಿದಳು. ಅದೇ ಹೊತ್ತಿಗೆ ಕಸದ ಗಾಡಿ ಬಂದು ಡಬ್ಬಿಯನ್ನೇ ಹೊತ್ತುಕೊಂಡು ಹೋಯಿತು.

ಹಿಂದೆಯೇ ಬಾಗಿಲು ತೆರೆದು ಡಾಕ್ಟರಮ್ಮ ಬಂದರು. ಗುಬ್ಬಚ್ಚಿಯಂಥ ಸಣ್ಣ ಆಳು, ದನಿ ಮಾತ್ರ ಗಂಟೆ ಹೊಡೆದ ಹಾಗೆ. "ಎಲ್ರೀ, ಬೆಳಗಿನ ಡೈಪರ್ ಎತ್ತಿಡಿ ಅಂದಿದ್ನಲ್ಲ? ಆಪರೇಶನ್‌ಗೆ ಮೊದಲು ನಾನೇ ಒಂದ್ಸಲ ನೋಡ್ಬೇಕು."

ಬುಗುರಿ ಕಸದ ಗಾಡಿ ಹೋದ ದಾರಿಯನ್ನು ನೋಡಿದಳು. ಅವನು ಅವಳ ಕಡೆ ಒಂದೇ ಒಂದು ಸಲ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ತುಂಟತನವಿತ್ತು, ಅದರ ಹಿಂದೆ ನಿದ್ದೆಗೆಟ್ಟ ಕೆಂಪಿತ್ತು.

"ನನ್ನ ಕೈ ತಪ್ಪಿ ಡಬ್ಬಿಗೆ ಬಿತ್ತು ಡಾಕ್ಟರೇ. ಮುಂದಿನದ್ದು ಎತ್ತಿಡ್ತೀನಿ."

"ಹಡಗು ನಡೆಸೋ ಕೈಯಂತೆ ಇದು!" ಎಂದು ಗೊಣಗುತ್ತಾ ಡಾಕ್ಟರಮ್ಮ ಮುಂದೆ ನಡೆದರು.

ಒಳಗಿನಿಂದ ಅಕ್ಕ ಬಂದು ತಬ್ಬಿಕೊಂಡಳು. "ಬಂದ್ಯಾ ಬುಗುರೀ... ನೋಡು, ಇವನೇ ನನ್ನ ಮೈದುನ. ನಮ್ಮ ಮದುವೇಲಿ ಹಡಗಿನಲ್ಲಿದ್ದ ಅಂತ ನೀನು ನೋಡೇ ಇರಲಿಲ್ಲ ಅಲ್ವಾ? ಪರಿಚಯ ಆಯ್ತಾ?"

"ಚೆನ್ನಾಗೇ ಆಯ್ತು ಅತ್ತಿಗೆ" ಎಂದ ಹಡಗಿನವನು. ಬುಗುರಿ ತನ್ನ ಚೀಲದ ಜಿಪ್ಪನ್ನೇ ಜಗತ್ತಿನ ಅತಿ ಮುಖ್ಯ ವಸ್ತುವೆಂಬಂತೆ ನೋಡುತ್ತ ನಿಂತಳು.

ಬುಗುರಿ ಎನ್ನುವುದು ಅಕ್ಕನೇ ಇಟ್ಟ ಹೆಸರು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿ. ಶಿಶುವಿಹಾರದಲ್ಲಿ ಪುಟ್ಟ ಮಕ್ಕಳಿಗೆ ಕಥೆ ಹೇಳುವ ಕೆಲಸ. ಕಥೆಯನ್ನೂ ಅವಳು ನಡೆದಾಡುತ್ತಲೇ ಹೇಳುತ್ತಿದ್ದಳು.

ಅಕ್ಕನ ಮಗು ಹುಟ್ಟಿದಾಗ ಎಲ್ಲರೂ ಅದನ್ನು ಬಂಗಾರ ಎಂದು ಕರೆದಿದ್ದರು. ಮೈಯೆಲ್ಲ ಹೊಂಬಣ್ಣ. ಬಂದವರೆಲ್ಲ ದೃಷ್ಟಿಯಾದೀತು ಎಂದಿದ್ದರೇ ಹೊರತು, ಎರಡು ವಾರದಲ್ಲಿ ಇಳಿಯಬೇಕಿದ್ದ ಹೊಂಬಣ್ಣ ಯಾಕೆ ಇಳಿಯಲಿಲ್ಲ ಎಂದು ಯಾರೂ ಕೇಳಿರಲಿಲ್ಲ. ಲಸಿಕೆಗೆ ಹೋದಾಗ ನರ್ಸೊಬ್ಬಳು ಡೈಪರ್ ಬಿಚ್ಚಿ ನೋಡಿ, "ಯಾವಾಗ್ಲೂ ಹೀಗೇ ಸುಣ್ಣದ ಹಾಗೆ ಹೋಗುತ್ತಾ?" ಎಂದಾಗಲೇ ಮನೆಯವರ ಎದೆ ಝಲ್ಲೆಂದದ್ದು.

ಅಕ್ಕನ ಮಂಚದ ತುದಿಯಲ್ಲಿ ಕೂತು ಡಾಕ್ಟರಮ್ಮ ಮತ್ತೊಮ್ಮೆ ಬಿಡಿಸಿ ಹೇಳಿದರು. ಲಿವರಿನಲ್ಲಿ ಪಿತ್ತ ಹುಟ್ಟುತ್ತದೆ. ಅದು ಕೊಳವೆಯಲ್ಲಿಳಿದು ಕರುಳಿಗೆ ಬಂದರೆ ಮಲಕ್ಕೆ ಹಳದಿ ಬಣ್ಣ. ಈ ಮಗುವಿಗೆ ಹುಟ್ಟುವಾಗಲೇ ಆ ಕೊಳವೆ ಮುಚ್ಚಿಹೋಗಿದೆ. ದಾರಿ ಸಿಗದ ಪಿತ್ತ ಲಿವರನ್ನೇ ಸುಡುತ್ತಿದೆ, ರಕ್ತಕ್ಕೆ ಸೇರಿ ಮೈಗೂ ಕಣ್ಣಿಗೂ ಹರಡುತ್ತಿದೆ.

"ಅಂದ್ರೆ ಹಳದಿ ಇರಬೇಕಾದ ಜಾಗದಲ್ಲಿ ಇಲ್ಲ, ಇರಬಾರದ ಜಾಗದಲ್ಲೆಲ್ಲ ಇದೆ" ಎಂದಳು ಬುಗುರಿ.

"ಸರಿಯಾಗಿ ಹೇಳಿದ್ರಿ. ಕೆಟ್ಟ ಕೊಳವೆ ತೆಗೆದು, ಇವನ ಕರುಳಿನದ್ದೇ ಒಂದು ತುಂಡನ್ನು ಮೇಲಕ್ಕೆ ತಂದು ಲಿವರಿನ ಬಾಗಿಲಿಗೆ ಹೊಲೀತೀವಿ. ಎರಡು ತಿಂಗಳು ತುಂಬೋದ್ರೊಳಗೆ ಮಾಡಿದಷ್ಟೂ ಒಳ್ಳೇದು. ಪಿತ್ತ ಹರಿದ್ರೆ ಹಳದಿ ಕಾಣಿಸುತ್ತೆ. ಹರೀದೇನೂ ಇರಬಹುದು. ಆಗ ಬೇರೆಯವರ ಲಿವರಿನ ಒಂದು ಭಾಗ ಕೂಡಿಸೋ ಮಾತು ಬರುತ್ತೆ."

ಭಾವ ಗೋಡೆಗೊರಗಿ ನಿಂತಿದ್ದರು. ಯಾರಾದರೂ ಏನಾದರೂ ಹೇಳಬೇಕಿತ್ತು. ಹಡಗಿನವನು ಮೆಲ್ಲಗೆ, "ನಮ್ಮನೇಲಿ ಎಲ್ಲರಿಗೂ ಪಿತ್ತ ನೆತ್ತಿಗೇರೋದೇ ಕಷ್ಟ ಆಗಿತ್ತು ಅಣ್ಣಾ. ಇವನೊಬ್ಬನಿಗೆ ಇಳೀತಿಲ್ಲ ನೋಡು" ಎಂದ. ಅಕ್ಕ ಅಳುತ್ತಲೇ ನಕ್ಕಳು. ಅಂಥ ಹೊತ್ತಿನಲ್ಲಿ ಅಕ್ಕನನ್ನು ನಗಿಸಿದವನನ್ನು ಬುಗುರಿ ಎರಡನೇ ಸಲ, ಸ್ವಲ್ಪ ನಿಧಾನವಾಗಿ, ನೋಡಿದಳು.

*

ಆಪರೇಶನ್ ದಿನ ಆ ಉದ್ದನೆಯ ಕಾರಿಡಾರನ್ನು ಅವಳು ಎಷ್ಟು ಸಲ ಅಳೆದಳೋ ದೇವರಿಗೇ ಗೊತ್ತು. ಅಕ್ಕ, ಭಾವ ಬಾಗಿಲ ಬಳಿಯ ಬೆಂಚಿನಲ್ಲಿ ಕೈ ಕೈ ಹಿಡಿದು ಕೂತಿದ್ದರು. ಹಡಗಿನವನು ಕಂಬದಂತೆ ಒಂದೇ ಕಡೆ ನಿಂತಿದ್ದ.

"ಒಂದ್ಕಡೆ ಹೇಗ್ರೀ ನಿಲ್ತೀರಾ ನೀವು?"

"ಎಂಜಿನ್ ರೂಮಿನಲ್ಲಿ ಓಡಾಡೋಕೆ ಜಾಗ ಇರಲ್ಲ. ನಮ್ಮ ಓಡಾಟ ಎಲ್ಲ ಒಳಗೊಳಗೇ." ಅವನು ಪೇಪರ್ ಲೋಟದ ಚಹಾ ಚಾಚಿದ. ಲೋಟದಲ್ಲಿದ್ದದ್ದು ಬರೀ ಬಿಸಿನೀರು. ಚಹಾಪುಡಿಯ ಪೊಟ್ಟಣ ಅವನ ಇನ್ನೊಂದು ಕೈಯಲ್ಲೇ ಉಳಿದಿತ್ತು. ಕಂಬವಲ್ಲ ಇವನು ಎಂದುಕೊಂಡಳು.

"ಏನಾದ್ರೂ ಹೇಳಿ" ಎಂದ. "ಕಥೆ ಹೇಳೋ ಟೀಚರ್ ಅಂತೆ."

ಅವಳು ನಡೆಯುತ್ತಲೇ ಶುರು ಮಾಡಿದಳು. ಒಂದು ಬೆಟ್ಟವಿತ್ತಂತೆ. ಅದರ ಹೊಟ್ಟೆಯೊಳಗೆ ಹಳದಿ ನೀರಿನ ಹೊಳೆಯಿತ್ತಂತೆ. ಹೊರಗೆ ಬರೋಣವೆಂದರೆ ಬಾಗಿಲಿಗೆ ಕಲ್ಲು ಅಡ್ಡ. ಪಾಪ, ಹೊಳೆ ಕೂಗಿ ಕೂಗಿ ಸುಸ್ತಾಗಿ, ಬೆಟ್ಟದ ಕಲ್ಲು ಕಲ್ಲಿಗೂ ಇಂಗಿ, ಬೆಟ್ಟವೇ ಹಳದಿಯಾಗಿ, ದಾರಿಹೋಕರೆಲ್ಲ 'ಅಬ್ಬಾ, ಬಂಗಾರದ ಬೆಟ್ಟ' ಎಂದು ಕೈ ಮುಗಿದು ಹೋಗುತ್ತಿದ್ದರಂತೆ. ಒಳಗೆ ಅಳುತ್ತಿರುವುದು ಯಾರಿಗೂ ಕೇಳಿಸುತ್ತಿರಲಿಲ್ಲವಂತೆ...

"ಆಮೇಲೆ?"

ಅವಳು ಆಪರೇಶನ್ ಕೋಣೆಯ ಎದುರು ನಿಂತಳು. "ಆಮೇಲಿಂದು ಆ ಬಾಗಿಲೊಳಗಿದೆ."

ಬಾಗಿಲು ತೆರೆದಾಗ ಮಧ್ಯಾಹ್ನ ಇಳಿದಿತ್ತು. ಟೋಪಿಯ ಗುರುತು ಹಣೆಯಲ್ಲಿ ಹಾಗೇ ಮೂಡಿದ್ದ ಡಾಕ್ಟರಮ್ಮ ಅಕ್ಕನ ಭುಜ ಮುಟ್ಟಿ ಹೇಳಿದರು: "ಮಗು ಚೆನ್ನಾಗಿ ತಡೆದುಕೊಂಡ. ಹಾದಿ ಮಾಡಿಕೊಟ್ಟಿದ್ದೀವಮ್ಮ. ಇನ್ನು ಅದ್ರಲ್ಲಿ ಹರಿಯೋದು ಪಿತ್ತಕ್ಕೆ ಬಿಟ್ಟಿದ್ದು."

ಬುಗುರಿಯ ಅಜ್ಜಿಯ ಮಾತಿನಲ್ಲಿ ಕರುಳು ಎಂದರೆ ಬರೀ ಹೊಟ್ಟೆಯ ಸಾಮಾನಲ್ಲ, ಮಮತೆಯೇ ಅದು. ಕರುಳು ಚುರುಕ್ ಎಂದಿತು, ಕರುಳು ಮಿಡಿಯಿತು ಎನ್ನುತ್ತಿದ್ದಳು ಅಜ್ಜಿ. ಆ ಸಂಜೆ ಮೂಗಿಗೊಂದು ನಳಿಕೆ, ಹೊಟ್ಟೆಗೊಂದು ನಳಿಕೆ ಹಾಕಿಸಿಕೊಂಡು ಮಲಗಿದ್ದ ಅಂಗೈಯಗಲದ ಎದೆಯನ್ನು ಗಾಜಿನಾಚೆಯಿಂದ ನೋಡುತ್ತ ಬುಗುರಿ ಅಂದುಕೊಂಡಳು: ತನ್ನ ದಾರಿಯನ್ನು ತನ್ನ ಕರುಳಿನಿಂದಲೇ ಕಟ್ಟಿಕೊಂಡ ಧೀರ ಇವನು.

*

ಮೂಗಿನ ನಳಿಕೆ ತೆಗೆದು ಹಾಲು ಶುರುವಾದ ಮೇಲೆ ನಿಜವಾದ ಕಾಯುವಿಕೆ ಆರಂಭವಾಯಿತು.

ವಾರ್ಡಿನ ಹಿರಿಯ ಸಿಸ್ಟರ್ ಒಂದು ಕಟ್ಟಳೆ ಮಾಡಿದ್ದರು. ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನೋಡುವಂತಿಲ್ಲ, ಕಿಟಕಿಯ ಹಗಲು ಬೆಳಕಿನಲ್ಲೇ ನೋಡಬೇಕು. ಒಬ್ಬರೇ ನೋಡಿದರೆ ಆಸೆಯ ಬಣ್ಣವೂ ಸೇರಿಬಿಡುತ್ತದೆಂದು ಇಬ್ಬರು ನೋಡಬೇಕು. ಅಕ್ಕನಿಗೆ ನೋಡುವ ಧೈರ್ಯವಿರಲಿಲ್ಲ, ಭಾವ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಹಾಗಾಗಿ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಪ್ರತಿ ಬೆಳಿಗ್ಗೆ ಆ ಕಿಟಕಿಗೆ ಹಾಜರಿ.

"ಬನ್ನಿ ಚಿಕ್ಕಮ್ಮನೋರೆ, ರೇಷ್ಮೆ ನೋಡೋಣ."

"ನೋಡಿ ಚಿಕ್ಕಪ್ಪನೋರೆ, ಇವತ್ತೂ ಸುಣ್ಣಾನೇ."

"ಸುಣ್ಣ ಅಲ್ಲ, ಸ್ವಲ್ಪ ಕೆನೆ."

"ಆಸೆ ಸೇರಿಸ್ಬೇಡಿ."

ಹುಡುಗ ಹುಡುಗಿಯರು ಹೂದೋಟದಲ್ಲಿ ಸಂಧಿಸುವ ಕಥೆಗಳನ್ನು ಅವಳು ಎಷ್ಟೋ ಕೇಳಿದ್ದಳು. ಡೆಟಾಲ್ ವಾಸನೆಯ ಕಾರಿಡಾರಿನಲ್ಲಿ, ಒಂದು ಡೈಪರಿನ ಮೇಲೆ ಎರಡು ತಲೆಗಳು ಬಾಗಿ, ಹಣೆಗೆ ಹಣೆ ತಾಗಿ, ಇಬ್ಬರೂ ಒಟ್ಟಿಗೇ "ಸಾರಿ" ಎನ್ನುವುದನ್ನು ಯಾವ ಅಜ್ಜಿಯೂ ಹೇಳಿರಲಿಲ್ಲ. ಅವನ ರೆಪ್ಪೆಗಳು ಹೆಣ್ಣುಮಕ್ಕಳ ರೆಪ್ಪೆಗಳಂತೆ ಉದ್ದವೆಂದು ಅವಳಿಗೆ ಗೊತ್ತಾದದ್ದು ಅಲ್ಲೇ. ಬಣ್ಣ ನೋಡಬೇಕಾದ ಅವನ ಕಣ್ಣು ದಾರಿ ತಪ್ಪಿ ತನ್ನ ಕಿವಿಯ ಓಲೆಯ ಬಳಿ ಒಂದು ಕ್ಷಣ ನಿಂತು ಹೋಗುತ್ತದೆಂದು ಗೊತ್ತಾದದ್ದೂ ಅಲ್ಲೇ. ಅವಳು ತಲೆ ಎತ್ತಿದರೆ ಅವನು ಕಿಟಕಿಯಾಚೆಯ ನೀರಿನ ಟ್ಯಾಂಕನ್ನು ಬಹಳ ಆಸಕ್ತಿಯಿಂದ ನೋಡುತ್ತಿರುತ್ತಿದ್ದ.

ಈ ನಡುವೆ ಅವನ ಫೋನು ಪದೇಪದೇ ಬಡಿದುಕೊಳ್ಳುತ್ತಿತ್ತು. ಹಡಗಿನ ಕಂಪನಿಯವರು. ರಜೆ ಮುಗಿದಿದೆ, ಯಾವಾಗ ಬರ್ತೀಯ ಎಂದು. ಅವನು ಮೆಟ್ಟಿಲ ಕಡೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿ ಬರುತ್ತಿದ್ದ. ಬುಗುರಿ ಕೇಳುತ್ತಿರಲಿಲ್ಲ. ಕೇಳದಿದ್ದರೂ ಅವನು ಮರಳಿ ಬರುವವರೆಗೆ ಕಾರಿಡಾರಿನಲ್ಲಿ ಗಿರಗಿರ ತಿರುಗುತ್ತಿದ್ದಳು.

ಒಂದು ಸಂಜೆ, ದೀಪ ಹಾಕುವ ಹೊತ್ತು, ಅವಳೊಬ್ಬಳೇ ಡೈಪರ್ ಬಿಚ್ಚಿದಳು. ಹಳದಿ!

ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಹಳದಿಯೇ! ಕಿಟಕಿಗೆ ಒಯ್ಯಬೇಕೆಂಬುದು, ಇನ್ನೊಬ್ಬರು ನೋಡಬೇಕೆಂಬುದು, ಎಲ್ಲ ಮರೆತೇಹೋಯಿತು. "ಅಕ್ಕಾ! ಬಂತು ಕಣೇ! ಇಳೀತು ಕಣೇ!" ಎಂದು ವಾರ್ಡಿಗೆ ವಾರ್ಡೇ ತಿರುಗುವಂತೆ ಕೂಗಿದಳು. ಅಕ್ಕ ಮಗುವಿನ ಪಾದಕ್ಕೆ ಮುಖ ಒತ್ತಿ ಬಿಕ್ಕಿದಳು. ಭಾವ ಆಗಲೇ ತಮ್ಮ ಅಮ್ಮನಿಗೆ ಫೋನು ಹಚ್ಚಿದ್ದರು: "ಅಮ್ಮಾ, ಸರಿಹೋಯ್ತಮ್ಮಾ!"

ಫ್ಲಾಸ್ಕ್ ಹಿಡಿದು ಒಳಬಂದ ಹಡಗಿನವನ ಮುಖವೂ ಅರಳಿತು. ಆದರೆ ಅವನು ಡೈಪರನ್ನು ಎತ್ತಿಕೊಂಡು ಕಿಟಕಿಗೆ ಹೋದ. ಉಳಿದಿದ್ದ ಒಂದಿಷ್ಟು ಬೆಳಕಿನಲ್ಲಿ, ಐಸ್‌ಕ್ರೀಮ್ ಕಡ್ಡಿಯಂಥ ಕಡ್ಡಿಯಿಂದ ಬಿಡಿಸಿ ನೋಡಿದ. ತುಂಬ ಹೊತ್ತು ಬೆನ್ನು ತಿರುಗಿಸಿಯೇ ನಿಂತಿದ್ದ.

"ಏನ್ರೀ?" ಅವಳ ದನಿ ಕಿರಿದಾಯಿತು.

"ಇದು ಉಚ್ಚೆಯ ಬಣ್ಣ." ಅವನು ತಿರುಗಿದ. "ಇವನ ಉಚ್ಚೆ ಕಡು ಹಳದಿ ಅಲ್ವಾ. ಅದ್ರಲ್ಲಿ ನೆನೆದಿದೆ. ಒಳಗೆ... ಇನ್ನೂ ಬಿಳಿ."

ಭಾವನ ಕೈಯಲ್ಲಿ ಫೋನು "ಹಲೋ, ಹಲೋ" ಎನ್ನುತ್ತಲೇ ಇತ್ತು.

ಅಕ್ಕ ಅಳಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. ಬುಗುರಿ ಅವನನ್ನು ಕಾರಿಡಾರಿಗೆ ಎಳೆದು ತಂದಳು.

"ನಾಳೆ ಬೆಳಿಗ್ಗೆ ಹೇಳಿದ್ರೆ ಆಗ್ತಿರಲಿಲ್ವಾ? ಒಂದು ರಾತ್ರಿ ಆದ್ರೂ ನಿದ್ದೆ ಮಾಡ್ತಿದ್ಲು ನಮ್ಮಕ್ಕ!"

"ಒಂದು ರಾತ್ರಿ ನಂಬಿ ಮಲಗಿ, ಬೆಳಿಗ್ಗೆ ಎದ್ದು ಕೇಳಿದ್ರೆ ಇನ್ನೂ..."

"ನಿಮಗೇನ್ರೀ! ಇವತ್ತೋ ನಾಳೆಯೋ ಹಡಗು ಹತ್ತಿ ಹೋಗೋರು. ಹೋಗೋ ಹಾಗಿದ್ರೆ ಹೋಗಿಬಿಡಿ. ಆ ಫೋನು ಹೊಡ್ಕೊಳ್ಳೋದಾದ್ರೂ ನಿಲ್ಲುತ್ತೆ."

ಮಾತು ಬಾಯಿಂದ ಬಿದ್ದ ಮೇಲೆಯೇ ಅದೆಷ್ಟು ಹರಿತವಾಗಿತ್ತೆಂದು ತಿಳಿದದ್ದು. ಅವನ ಉದ್ದ ರೆಪ್ಪೆಗಳು ಒಮ್ಮೆ ಇಳಿದು ಎದ್ದವು. ಅವನು ಮೆಟ್ಟಿಲಿಳಿದ. ಅವನ ಕೈಯ ಫ್ಲಾಸ್ಕನ್ನು ಯಾವಾಗ ತಾನು ಇಸಿದುಕೊಂಡಿದ್ದೆನೆಂದು ಅವಳಿಗೆ ನೆನಪಾಗಲಿಲ್ಲ.

*

ಬೆಳಿಗ್ಗೆ ಅವನು ಕಿಟಕಿಗೆ ಬರಲಿಲ್ಲ. ಹಿರಿಯ ಸಿಸ್ಟರೇ ಎರಡನೇ ಕಣ್ಣಾದರು. ಸುಣ್ಣ.

ಕಿಟಕಿಯಾಚೆಯ ನೀರಿನ ಟ್ಯಾಂಕಿನಲ್ಲಿ ನೋಡಲು ನಿಜಕ್ಕೂ ಏನೂ ಇರಲಿಲ್ಲ. ಬುಗುರಿ ಅಲ್ಲಿ ನಿಲ್ಲಲಾರದೆ ನೇರವಾಗಿ ಡಾಕ್ಟರಮ್ಮನ ಕೋಣೆಗೆ ಹೋದಳು.

"ಹರೀದೇ ಹೋದ್ರೆ ನನ್ನ ಲಿವರ್ ತಗೊಳ್ಳಿ. ನಂಗೆ ಆರೋಗ್ಯ ಚೆನ್ನಾಗಿದೆ. ಭಾವನ ರಕ್ತ ಹೊಂದಲ್ವಂತೆ, ಅಕ್ಕ ಈಗಷ್ಟೇ ಹೆತ್ತವಳು."

ಡಾಕ್ಟರಮ್ಮ ಕನ್ನಡಕ ತೆಗೆದರು. "ಆ ಕಾಲ ಇನ್ನೂ ಬಂದಿಲ್ಲಮ್ಮ. ಕೆಲವು ಮಕ್ಕಳಿಗೆ ನಿಧಾನ. ಬಂದ್ರೂ, ನೀನು ಕ್ಯೂನಲ್ಲಿ ಎರಡನೆಯವಳು."

"ಮೊದಲು ಯಾರು?"

"ನಿಮ್ಮ ಹಡಗಿನವನು. ಆಪರೇಶನ್ ಆದ ಮಾರನೇ ದಿನವೇ ಬಂದು, ರಕ್ತ ಕೊಟ್ಟು, ಸ್ಕ್ಯಾನ್ ಮಾಡಿಸ್ಕೊಂಡು ಕೂತಿದ್ದಾನೆ. ಹೊಂದುತ್ತೆ. ಬಣ್ಣ ಬರೋವರೆಗೂ ಊರು ಬಿಡಲ್ಲ ಅಂತ ಕೆಲಸದವರ ಹತ್ರ ದಿನಾ ಜಗಳ ಆಡ್ತಿದ್ದಾನೆ. ಮನೇಲಿ ಹೇಳ್ಬೇಡಿ, ಈಗ್ಲೇ ಹೆದರ್ತಾರೆ ಅಂದಿದ್ದ. ನಾನೇ ಬಾಯಿ ಬಿಟ್ಟೆ ನೋಡು."

ಮೆಟ್ಟಿಲುಗಳನ್ನು ಅವಳು ಇಳಿದಳೋ ಹಾರಿದಳೋ. ಅವನು ಹಿಂದಿನ ಅಂಗಳದಲ್ಲಿ, ಆಸ್ಪತ್ರೆಯ ಹೊದಿಕೆಗಳನ್ನು ಒಣಹಾಕಿದ್ದ ಹಗ್ಗಗಳ ನಡುವೆ ನಿಂತಿದ್ದ. ಬಿಳಿ ಬಟ್ಟೆಗಳು ಗಾಳಿಗೆ ಉಬ್ಬಿ ಅವನನ್ನು ಒಮ್ಮೆ ಮರೆಮಾಡುತ್ತಿದ್ದವು, ಒಮ್ಮೆ ಬಿಟ್ಟುಕೊಡುತ್ತಿದ್ದವು.

"ರೀ!"

"ಬೈಯೋದು ಇನ್ನೂ ಬಾಕಿ ಇದ್ಯಾ?"

"ಇದೆ. ಒಬ್ಬರೇ ಹೋಗಿ ಲಿವರ್ ಕೊಡ್ತೀನಿ ಅನ್ನೋದಾ? ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ನಿಮ್ಮನ್ನಾ?" ಅವನು ಬೆರಗಾಗಿ ನೋಡಿದ. "ನನ್ನ ಲಿವರ್ ಕೊಡೋಕೆ ನಿಮ್ಮ ಪರ್ಮಿಶನ್ ಯಾಕೆ?"

ಉತ್ತರ ಅವಳ ಮುಖದಲ್ಲೇ ಇತ್ತು, ಕಿವಿಯ ತುದಿಯವರೆಗೂ ಏರಿದ ಕೆಂಪಿನಲ್ಲಿ. ಒಂದು ಹೊದಿಕೆ ಹಾರಿ ಬಂದು ಸದ್ಯ ಅವಳನ್ನು ಮುಚ್ಚಿತು.

"ನಿನ್ನೆ ಹಾಗನ್ನಬಾರದಿತ್ತು" ಎಂದಳು ಬಟ್ಟೆಯ ಆಚೆಯಿಂದ.

"ನಿನ್ನೆ ಡೈಪರ್ ಬಿಡಿಸೋವಾಗ ನಾನೂ ಬೇಡ್ಕೊಂಡೆ. ಹಳದಿ ಇರಲಿ, ಹಳದಿ ಇರಲಿ ಅಂತ. ಬಿಳಿ ಕಂಡಾಗ ಸುಳ್ಳು ಹೇಳಿಬಿಡೋಣ ಅನ್ನಿಸ್ತು. ತಿರುಗಿ ನೋಡಿದ್ರೆ ನೀವು ನನ್ನನ್ನೇ ನೋಡ್ತಿದ್ರಿ. ಆ ಮುಖಕ್ಕೆ ಸುಳ್ಳು ಹೇಳೋಕೆ ಆಗ್ಲಿಲ್ಲ."

ಅವಳು ಹೊದಿಕೆಯನ್ನು ಸರಿಸಿದಳು. ಇಬ್ಬರ ನಡುವೆ ಒಂದು ಹಗ್ಗ, ಎರಡು ಕ್ಲಿಪ್ಪು. ಅವನ ಕಣ್ಣು ಈ ಸಲ ಯಾವ ಟ್ಯಾಂಕಿನ ಕಡೆಗೂ ಓಡಲಿಲ್ಲ.

*

ಹಳದಿ ಬಂದದ್ದು ಯಾರೂ ಕಾಯದ ಒಂದು ಮಧ್ಯಾಹ್ನ, ಅಕ್ಕನೂ ಸೇರಿ ಮೂವರೂ ಯಾವುದೋ ಹಾಳು ಮಾತಿಗೆ ನಗುತ್ತಿದ್ದಾಗ. ಬುಗುರಿ ಡೈಪರ್ ಬಿಚ್ಚಿದಳು. ಎತ್ತಿಕೊಂಡು ಕಿಟಕಿಗೆ ನಡೆದಳು. ಅವನು ಹಿಂದೆಯೇ ಬಂದ. ಕಡ್ಡಿಯಿಂದ ಬಿಡಿಸಿದರು. ಒಳಗೂ, ಹೊರಗೂ, ಅರೆದ ಸಾಸಿವೆಯಂಥ ಹಳದಿ, ಅಂಚಿನಲ್ಲಿ ಹಸಿರಿನ ಛಾಯೆ.

"ನೀವು ಹೇಳಿ."

"ನೀವು ಹೇಳಿ."

ಹಿರಿಯ ಸಿಸ್ಟರ್ ಬಂದು ಇಣುಕಿ, "ಅಯ್ಯೋ ನನ್ನ ರಾಜಾ!" ಎಂದು ಕೂಗಿದ ಮೇಲೆಯೇ ಅಕ್ಕ ಓಡಿ ಬಂದದ್ದು. ಆ ಗಲಾಟೆಯಲ್ಲಿ ಬುಗುರಿಯ ಕೈ ಯಾರ ಕೈಯಲ್ಲಿತ್ತೆಂದು ಯಾರೂ ಗಮನಿಸಲಿಲ್ಲ. ಗಮನಿಸಿದವರು ಇಬ್ಬರೇ.

ಆದರೆ ಹಳದಿ ಬಂತೆಂದರೆ ಅವನು ಹೋಗಬೇಕು. ಬೇಡಿಕೊಂಡದ್ದು ಕೈಗೆ ಬಂದ ದಿನವೇ ಇನ್ನೊಂದು ಕೈಬಿಡುವುದಕ್ಕೆ ಶುರುವಾಯಿತು. ಡಾಕ್ಟರಮ್ಮ ಎಚ್ಚರಿಸಿದ್ದರು: ಜ್ವರ ಬಂದರೆ ಒಂದು ಗಂಟೆಯೂ ತಡ ಮಾಡದೆ ಓಡಿ ಬನ್ನಿ, ವರ್ಷಗಟ್ಟಲೆ ನೋಡುತ್ತಿರಬೇಕು, ಮುಂದೆ ಲಿವರ್ ಬದಲಿಸುವ ದಿನ ಬಂದರೂ ಬರಬಹುದು. ಆದರೆ ಇನ್ನಷ್ಟು ಚೇತರಿಸಿಕೊಂಡ ಮೇಲೆ ಮನೆಗೆ ಹೋಗಬಹುದು.

ಕೆಲವು ವಾರ ಕಳೆದು ಮಗು ಮನೆಗೆ ಹೊರಟ ದಿನವೇ ಅವನೂ ಹೊರಟ. ಅಕ್ಕ ಒಳಗೆ ಔಷಧಿಗಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದಳು, ಭಾವ ಕಾರು ತರಲು ಹೋಗಿದ್ದರು. ಗೇಟಿನ ಬಳಿಯ ಮರದಡಿ ಬುಗುರಿ ಮಗುವನ್ನೆತ್ತಿಕೊಂಡು ನಿಂತಿದ್ದಳು. ಅವನ ಟ್ಯಾಕ್ಸಿ ಬಂದು ನಿಂತಿತ್ತು.

"ಒಂದು ಮಾತು ಕೇಳ್ತೀನಿ. ಬೈಬಾರದು."

"ಮಾತು ಕೇಳದೆ ಮೊದಲೇ ಹೇಗ್ರೀ ಒಪ್ಕೊಳ್ಳೋದು?"

"ಇವನಿಗೆ ನೀವು ಅಮ್ಮನ ಕಡೆಯಿಂದ ಚಿಕ್ಕಮ್ಮ." ಅವನು ಮಗುವಿನ ಟೋಪಿ ಸರಿಮಾಡಿದ, ಅದು ಸರಿಯಾಗಿಯೇ ಇತ್ತು. "ನನ್ನ ಕಡೆಯಿಂದ್ಲೂ ಚಿಕ್ಕಮ್ಮ ಆಗೋಕೆ ಏನಾದ್ರೂ ತೊಂದ್ರೆ ಇದ್ಯಾ?"

ಅವಳ ಎದೆಯ ಬಡಿತಕ್ಕೆ ಮಗು ಎದ್ದುಬಿಡುತ್ತದೇನೋ ಎನಿಸಿತು.

"ಎರಡೆರಡು ಸಲ ಚಿಕ್ಕಮ್ಮ ಆದ್ರೆ ಡೈಪರೂ ಎರಡೆರಡು ಸಲ ಬದಲಾಯಿಸ್ಬೇಕಾ?"

"ಎರಡನೇದು ನಾನು ಬದಲಾಯಿಸ್ತೀನಿ."

"ಆರು ತಿಂಗಳು ನೀರ ಮೇಲಿದ್ದು ಅದು ಹೇಗೆ ಬದಲಾಯಿಸ್ತೀರೋ." ನಗಲು ಹೋದವಳ ಕಣ್ಣು ತುಂಬಿತು. "ನಂಗೆ ಭಯ ಆಗುತ್ತೆ. ನೀವಿಲ್ಲದಾಗ ಮತ್ತೆ ಬಿಳಿ ಆಗಿಬಿಟ್ರೆ?"

"ಓಡಿ ಬರ್ತೀನಿ. ನನ್ನ ಲಿವರ್ ಇದ್ಯಲ್ಲ."

"ಅದನ್ನ ಹುಷಾರಾಗಿ ಇಟ್ಕೊಂಡಿರಿ. ಬಂದರಿಗೊಂದು ಪಾರ್ಟಿ ಅಂತ ಕುಡಿದು ಗಿಡಿದು ಮಾಡಿದ್ರೆ ನಾನು ಸುಮ್ನಿರಲ್ಲ."

"ಇನ್ಮೇಲೆ ಅದು ನಂದಲ್ಲ ಕಣ್ರೀ, ನಿಮ್ಮಿಬ್ಬರದು. ನಾನು ಬರೀ ಹೊತ್ಕೊಂಡು ತಿರುಗೋನು."

ಡ್ರೈವರ್ ಹಾರ್ನ್ ಒತ್ತಿದ. ಉತ್ತರ ಹೇಳು ಎಂದು ಅವನು ಒತ್ತಾಯಿಸಲಿಲ್ಲ. ಮಗುವಿನ ಅಂಗಾಲಿಗೆ ಒಂದು ಮುತ್ತು ಕೊಟ್ಟು, ಅವಳ ಕಡೆ ನೋಡಲಾರದೆ ನೋಡಿ, ಹತ್ತಿಕೊಂಡ. ಟ್ಯಾಕ್ಸಿ ತಿರುವಿನಲ್ಲಿ ಮರೆಯಾಯಿತು.

ಹಾರ್ನಿನ ಸದ್ದಿಗೋ ಏನೋ, ಮಗು ಎಚ್ಚರವಾಯಿತು. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿಗೆ ಪಿಳಿಪಿಳಿ ಕಣ್ಣು ಬಿಟ್ಟಿತು. ಬುಗುರಿ ಬಗ್ಗಿ ನೋಡಿದಳು. ಇನ್ನೂ ಹತ್ತಿರ ಬಗ್ಗಿದಳು. ಒಂದು ಕೈಯಲ್ಲಿ ಮಗುವನ್ನು ಎದೆಗೊತ್ತಿಕೊಂಡು ಇನ್ನೊಂದರಲ್ಲಿ ಫೋನು ತೆಗೆದಳು.

"ಹಲೋ? ಏನಾಯ್ತು?" ಅವನ ದನಿ.

"ಬಿಳಿ ಕಾಣಿಸ್ತಿದೆ."

"ಏನು? ಮತ್ತೆ ಬಿಳಿನಾ? ಯಾವಾಗ? ಡ್ರೈವರ್, ಗಾಡಿ ನಿಲ್ಸಿ, ನಿಲ್ಸಿ..."

"ಅಲ್ಲ, ಅಲ್ಲ! ಕಣ್ಣಲ್ಲಿ! ಕಣ್ಣಿನ ಅಂಚಿನಲ್ಲಿ ಹಳದಿ ಕರಗಿದೆ. ಒಂದು ಚೂರು, ಎಳೆಯಷ್ಟು. ಬೆಳ್ಳಗಿದೆ."

ಆಚೆ ಕಡೆಯಿಂದ ಮೂಗೆಳೆದುಕೊಂಡ ಸದ್ದು. ಆಮೇಲೆ ಅದನ್ನು ಮುಚ್ಚಲು ಕೆಮ್ಮಿದ ಸದ್ದು.

"ಅಳಬೇಡ ಕಣೋ" ಎಂದಳು ಬುಗುರಿ. "ನಿನ್ನ ನೋಡಿ ಡ್ರೈವರ್ ಏನಂದ್ಕೋತಾನೆ? ನಾವಿಬ್ರೂ ಇಲ್ಲೇ ಇರ್ತೀವಿ. ಹೋಗಿ ಬಾ."